ಪಕ್ಕದ ಸೀಟಿನ ಬ್ರೇಕು

ಫೋನಿನೊಳಗೆ ಪಿಟೀಲು ಕುಯ್ಯುತ್ತಲೇ ಇತ್ತು. ಅದೇ ನಾಲ್ಕು ಸ್ವರ. ನಿಲ್ಲಬೇಕಾದಲ್ಲಿ ನಿಲ್ಲದೆ ಮತ್ತೆ ಮೊದಲಿನಿಂದ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲೆ ಅಂಗಾತ ಮಲಗಿಸಿ, ರೋಗಿಯ ಪಕ್ಕ ಕೂತ ಬಂಧುವಿನ ಹಾಗೆ ಅದರ ಮುಖವನ್ನೇ ನೋಡುತ್ತ ಕೂತಿದ್ದರು.

"ನಿಮ್ಮ ಕರೆ ನಮಗೆ ಅತ್ಯಮೂಲ್ಯ," ಎಂದಿತು ವಿಮೆ ಕಂಪನಿಯ ಹೆಣ್ಣುದನಿ. "ದಯವಿಟ್ಟು ಕಾಯುತ್ತಿರಿ."

"ದಯವಿಟ್ಟು ಕಾಯುತ್ತಿರಿ," ಎಂದಿತು ಇನ್ನೊಂದು ಹೆಣ್ಣುದನಿ. ಅದೇ ರಾಗ, ಅದೇ ಮೂಗು. "ಕಾದು ಕಾದು ಹಣ್ಣಾದವರು ಒಂದನ್ನು ಒತ್ತಿ. ಕೊಳೆತವರು ಎರಡನ್ನು ಒತ್ತಿ."

ಎರಡನೆಯ ದನಿ ಬಾಗಿಲ ಪಕ್ಕದ ಬೆಂಚಿನಿಂದ ಬಂದಿತ್ತು. ಅಲ್ಲಿ ಕೂತಿದ್ದವಳು ಮೇಷ್ಟ್ರ ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತಳಾದವಳು. ಎರಡು ಮಾತು ಕೇಳಿದರೆ ಸಾಕು, ಎಂಥವರ ದನಿಯನ್ನಾದರೂ ಹೆಗಲಿನಿಂದ ಶಾಲು ಎಳೆದಂತೆ ಎಳೆದು ತಾನು ಹೊದ್ದುಕೊಂಡುಬಿಡುತ್ತಿದ್ದಳು.

"ಸ್ವಲ್ಪ ಸುಮ್ನಿರಕ್ಕ. ಈಗಲೇ ತಲೆ ಸಿಡೀತಿದೆ."

"ನಾನು ಸುಮ್ನಿದ್ರೆ ಅವಳು ಸುಮ್ನಿರ್ತಾಳಾ? ನಮ್ಮ ಕಾಲದಲ್ಲಿ ಒಬ್ಬರನ್ನ ಇಷ್ಟು ಹೊತ್ತು ಕಾಯಿಸಿದ್ರೆ ಸೂಪರ್‌ವೈಸರಮ್ಮ ಕಿವಿ ಹಿಂಡೋಳು. ಇದು ಕ್ಲೇಮಲ್ಲ ಕಣೋ, ಕ್ಲೇಶ."

ನಡೆದದ್ದು ಹೇಳಲು ಕೂತರೆ ಒಂದು ಉಸಿರಿನ ಮಾತು. ಹೋದ ವಾರದ ಒಂದು ಬೆಳಗಿನ ಪಾಠ. ಡ್ರೈವಿಂಗ್ ಸ್ಕೂಲಿನ ಕಾರು. ಸ್ಟಿಯರಿಂಗ್ ಹಿಡಿದವಳು ಅಕ್ಕ, ಪಕ್ಕದ ಸೀಟಿನಲ್ಲಿ ಮೇಷ್ಟ್ರು. ಸೋಫಾ ಅಂಗಡಿಯ ಮುಂದೆ ಒಬ್ಬ ತಲೆಯ ಮೇಲೆ ಹಾಸಿಗೆ ಹೊತ್ತುಕೊಂಡು ರಸ್ತೆಗಿಳಿದ. ಹಾಸಿಗೆ ಎರಡೂ ಕಡೆ ಭುಜದ ತನಕ ಬಾಗಿ, ಅವನಿಗೆ ತನ್ನ ಹೆಬ್ಬೆರಳಿನ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಕಾರು ನಿಂತಿತು. ಹಿಂದಿದ್ದ ಬ್ರೆಡ್ಡಿನ ವ್ಯಾನು ನಿಲ್ಲಲಿಲ್ಲ. ದಿಂಬಿಗೆ ಗುದ್ದಿದಷ್ಟೇ ಸದ್ದಾಯಿತು. ಆದರೆ ಬಂಪರಿನ ಕೆನ್ನೆ ಒಳಗೆ ಹೋಯಿತು, ಹಿಂದಿನ ಕೆಂಪು ದೀಪ ಪುಡಿಪುಡಿಯಾಯಿತು. ಹಾಸಿಗೆಯವನು ತನ್ನ ಬೆನ್ನ ಹಿಂದೆ ಒಂದು ವ್ಯಾಜ್ಯವನ್ನು ಹುಟ್ಟಿಸಿದ್ದೇನೆಂಬ ಅರಿವಿಲ್ಲದೆ ಗಲ್ಲಿಗೆ ತಿರುಗಿ ಮಾಯವಾದ.

ದೀಪವಿಲ್ಲದ ಕಾರಿನಲ್ಲಿ ಪಾಠ ಮಾಡುವಂತಿಲ್ಲ. ವಿಮೆಯ ಸರ್ವೆಯರ್ ಬಂದು ನೋಡುವ ತನಕ ದೀಪ ಬದಲಾಯಿಸುವಂತಿಲ್ಲ. ಹೇಳಿಕೆ ಸರಿಹೊಂದುವ ತನಕ ಸರ್ವೆಯರ್ ಬರುವಂತಿಲ್ಲ. ಮೇಷ್ಟ್ರಿಗೆ ಇದು ಒಂದಕ್ಕೊಂದು ಮೂಗು ತಾಗಿಸಿ ನಿಂತ ಮೂರು ಗಾಡಿಗಳಂತೆ ಕಾಣುತ್ತಿತ್ತು. ಯಾರಾದರೂ ಒಬ್ಬರು ಹಿಂದೆ ಸರಿಯಬೇಕು, ಯಾರಿಗೂ ರಿವರ್ಸ್ ಬರುವುದಿಲ್ಲ.

ಹೇಳಿಕೆ ಸರಿಹೊಂದದೆ ಹೋದದ್ದು ಅವರಿಂದಲೇ. ವ್ಯಾನಿನವನು ಇಳಿದು ಬರುತ್ತಿದ್ದಂತೆ ಮೇಷ್ಟ್ರು ಬಾಗಿಲು ತೆಗೆದು ಎದೆಯುಬ್ಬಿಸಿ, "ಬ್ರೇಕ್ ಹಾಕಿದ್ದು ನಾನು. ಏನಿದ್ರೂ ನನ್ನ ಹತ್ರ ಮಾತಾಡಿ," ಎಂದುಬಿಟ್ಟಿದ್ದರು. ಅದು ಅವರ ಗುರುಗಳು ಹೇಳಿಕೊಟ್ಟ ಪದ್ಧತಿ. ಕಲಿಯುವವರ ಗುದ್ದು ಕಲಿಸುವವರದು. ಕಾರಿಗೆ ಏನೇ ತಾಗಿದರೂ ಶಿಷ್ಯರನ್ನು ಕೂತಲ್ಲೇ ಕೂರಿಸಿ ಮೇಷ್ಟ್ರು ಇಳಿಯಬೇಕು, 'ನಾನೇ' ಅನ್ನಬೇಕು. ಇಷ್ಟು ವರ್ಷ ಹಾಗೆ ಅಂದೂ ಅಂದೂ, ಆ ಮಾತು ಅವರ ಬಾಯಿಂದ ಸೀನಿನಂತೆ ತಾನಾಗಿ ಬರುತ್ತಿತ್ತು. ವಿಮೆಯವರು ಫೋನಿನಲ್ಲಿ ಕೇಳಿದಾಗಲೂ ಅದೇ ಬಂತು: "ಓಡಿಸ್ತಿದ್ದದ್ದು ನಾನೇ." ಅತ್ತ ವ್ಯಾನಿನವನು, ಓಡಿಸುತ್ತಿದ್ದದ್ದು ಒಬ್ಬ ವಯಸ್ಸಾದ ಹೆಂಗಸು, ಖಾಲಿ ರಸ್ತೆಯಲ್ಲಿ ಸುಮ್ಮಸುಮ್ಮನೆ ಬ್ರೇಕು ಹಾಕಿದಳು ಎಂದು ಬರೆದುಕೊಟ್ಟಿದ್ದ.

ಪಿಟೀಲು ಥಟ್ಟನೆ ನಿಂತಿತು.

"ನಮಸ್ಕಾರ ಸಾರ್. ಹೇಳಿ, ಏನು ಸಹಾಯ ಮಾಡ್ಲಿ?" ಎಂದಿತು ಒಂದು ಎಳೆಯ ಗಂಡುದನಿ.

ಮೇಷ್ಟ್ರು ಮೊದಲಿನಿಂದ ಹೇಳಿದರು. ಹಾಸಿಗೆ, ವ್ಯಾನು, ದೀಪ. ಇದು ಅವರು ಹೇಳುತ್ತಿದ್ದ ಎಷ್ಟನೆಯ ಸಲವೋ. ಈಗ ಹಾಸಿಗೆ ಹೊತ್ತವನ ಮೇಲೂ ಅವರಿಗೆ ಒಂದು ಬಗೆಯ ಬೇಸರ ಹುಟ್ಟಿತ್ತು. ಕೊನೆಗೆ, "ಸ್ಟಿಯರಿಂಗ್ ಅಕ್ಕನ ಕೈಲಿತ್ತು, ಒಪ್ಪಿದೆ. ಆದ್ರೆ ಬ್ರೇಕು ನನ್ನದು. ನಮ್ಮ ಕಾರಲ್ಲಿ ಎರಡು ಬ್ರೇಕು ಇರ್ತವೆ," ಎಂದರು.

"ಎರಡು ಬ್ರೇಕಾ ಸಾರ್?"

"ಕಲಿಸೋ ಕಾರಪ್ಪ. ನನ್ನ ಕಡೆಗೂ ಒಂದು."

"ಒಂದ್ನಿಮಿಷ ಇರಿ ಸಾರ್," ಎಂದ ಅವನು. ಪಿಟೀಲು ಮತ್ತೆ ಶುರುವಾಯಿತು. ಅದು ನಿಂತಾಗ ಅವನ ದನಿ ಗೆಲುವಾಗಿತ್ತು. "ಬ್ರೇಕ್ ಹಾಕಿದ್ದು ನೀವೇ ಆದ್ರೆ ಒಳ್ಳೇದೇ ಸಾರ್. ಅನುಭವಸ್ಥರು. ಕಲಿಯೋರು ಹಾಕಿದ್ದು ಅಂದ್ರೆ ಆ ಕಡೆಯವರು ತಕರಾರು ತೆಗೀತಾರೆ. ನಾಳೆ ಸರ್ವೆಯರ್ ಬರ್ತಾರೆ, ಇದನ್ನೇ ಹೇಳಿಬಿಡಿ."

ಮೇಷ್ಟ್ರು ಫೋನು ಕೆಳಗಿಟ್ಟು, ಗಂಟಲಲ್ಲಿ ಸಿಕ್ಕಿದ್ದ ಮುಳ್ಳು ಇಳಿದವರಂತೆ ಉಸಿರುಬಿಟ್ಟರು. ಅಕ್ಕನ ಕಡೆ ತಿರುಗಿದರೆ ಅವಳ ಮುಖದಲ್ಲಿ ಯಾರ ದನಿಯೂ ಇರಲಿಲ್ಲ.

"ಕಿರ್ರ್ ಅಂದಿತ್ತಾ ಅವತ್ತು?" ಎಂದಳು.

ಮೇಷ್ಟ್ರು ಟೇಬಲ್ಲಿನ ಮೇಲಿನ ಪೆಪ್ಪರ್‌ಮಿಂಟ್ ಡಬ್ಬಿಯನ್ನು ಆಚೆಗೆ ಸರಿಸಿದರು.

ಕಿರ್ರ್ ಎನ್ನುವುದು ಅವರದೇ ಕರಾಮತ್ತು. ಕಲಿಯುವವರು ಮೇಷ್ಟ್ರು ಹಾಕಿದ ಬ್ರೇಕನ್ನೂ ತಮ್ಮದೆಂದು ನಂಬಿ ಬೀಗುತ್ತಾರೆಂದು, ಅವರು ತಮ್ಮ ಕಡೆಯ ಪೆಡಲಿನ ಕೆಳಗೆ ಮನೆಬಾಗಿಲ ಗಂಟೆಯೊಂದನ್ನು ಕೂರಿಸಿದ್ದರು. ಅವರ ಪಾದ ತಾಗಿದರೆ ಸಾಕು, ಕಿರ್ರ್. ಯಾವ ಬ್ರೇಕು ಯಾರದೆಂದು ಇಡೀ ಬೀದಿಗೆ ತಿಳಿಯುತ್ತಿತ್ತು. ಶಿಷ್ಯರು ಬೆನ್ನ ಹಿಂದೆ ಅವರನ್ನು ಕಿರ್ರ್ ಮೇಷ್ಟ್ರು ಎನ್ನುತ್ತಿದ್ದರು. ಆ ಪಾದವಾದರೂ ಎಂಥದ್ದು. ಬಸ್ಸಿನಲ್ಲಿ ಕೂತರೂ ಒತ್ತುತ್ತಿತ್ತು, ಕ್ಷೌರದ ಕುರ್ಚಿಯಲ್ಲೂ ಒತ್ತುತ್ತಿತ್ತು. ಹೆಂಡತಿ ತರಕಾರಿ ಜೋರಾಗಿ ಹೆಚ್ಚಿದರೆ ಊಟದ ಮೇಜಿನ ಕೆಳಗೂ ಒತ್ತುತ್ತಿತ್ತು.

ಅಕ್ಕನ ಪಾಠವೆಂದರೆ ಕಿರ್ರ್‌ಗಳ ಜಾತ್ರೆ. ಭಾವನ ಕಣ್ಣಿಗೆ ಪೊರೆಗಿಂತ ಹಟಮಾರಿಯಾದ ಯಾವುದೋ ಮಬ್ಬು ಕವಿದು, ಅವರ ಕಾರು ಬಟ್ಟೆ ಹೊದ್ದು ಶೆಡ್ಡಿನಲ್ಲಿ ಮಲಗಿತ್ತು. ಕಣ್ಣಿನ ಆಸ್ಪತ್ರೆಗೆ ಹೋಗಬೇಕಾದಾಗೆಲ್ಲ ಅಕ್ಕಪಕ್ಕದವರ ಗಾಡಿ ಕೇಳಿ ಕೇಳಿ ಭಾವ ಕುಗ್ಗಿಹೋಗಿದ್ದರು. "ನಾನೇ ಓಡಿಸ್ತೀನಿ," ಎಂದಳು ಅಕ್ಕ. ಭಾವ ನಕ್ಕರು. ಆಮೇಲೆ, ನಕ್ಕದ್ದಕ್ಕೆ ಪರಿಹಾರವೆಂಬಂತೆ, ಒಂದು ಮಾತು ಕೊಟ್ಟರು: "ಒಂದು ಪಾಠ ಕಿರ್ರ್ ಇಲ್ಲದೆ ಮುಗಿಸ್ಕೊಂಡು ಬಾ. ಅವತ್ತು ನಿನ್ನ ಹಿಂದಿನ ಸೀಟಲ್ಲಿ ಕೂರ್ತೀನಿ." ಅಂದಿನಿಂದ ದಿನಾ ಅವಳು ಚಪ್ಪಲಿ ಬಿಡುವ ಸದ್ದಿಗೆ ಒಳಗಿನಿಂದ ಪ್ರಶ್ನೆ ಬರುತ್ತಿತ್ತು: "ಇವತ್ತೆಷ್ಟು ಕಿರ್ರೇ?"

"ಅವತ್ತು ಒಂದೂ ಆಗಿರ್ಲಿಲ್ಲ," ಎಂದಳು ಅಕ್ಕ ಈಗ. "ಹೊರಟಲ್ಲಿಂದ ಗುದ್ದೋ ತನಕ ಒಂದೂ ಇಲ್ಲ. ಮನೆಗೆ ಹೋಗಿ ನಿಮ್ಮ ಭಾವಂಗೆ ಹೇಳ್ದೆ. ಅವರೇನಂದ್ರು ಗೊತ್ತಾ? 'ನಿನ್ನ ತಮ್ಮ ಫೋನ್ ಮಾಡಿದ್ದ, ಅವನೇ ಹಾಕಿದ್ದಂತಲ್ಲ. ಇರ್ಲಿ ಬಿಡು,' ಅಂದ್ರು. ಇರ್ಲಿ ಬಿಡು ಅಂತೆ. ಮಗುಗೆ ಹೇಳೋ ಹಾಗೆ."

"ಅಕ್ಕ, ಇದು ಬರೀ ಕಾಗದದ ಮಾತು. ಹಾಗಂದ್ರೆ ಬೇಗ ಮುಗಿಯುತ್ತೆ. ದೀಪ ಬರುತ್ತೆ, ಪಾಠ ಶುರುವಾಗುತ್ತೆ. ನಿನಗೇ ಒಳ್ಳೇದು."

"ನನ್ನ ಕಾಲು ಹಾಕಿದ ಬ್ರೇಕನ್ನ ನಿನ್ನ ಕಾಲಿಗೆ ಕೊಟ್ಟು ನನಗೆ ಒಳ್ಳೇದು ಮಾಡ್ತೀಯಾ. ದೊಡ್ಡ ಮನುಷ್ಯ ಕಣೋ ನೀನು." ಅವಳು ಚೀಲ ಹೆಗಲಿಗೇರಿಸಿದಳು. "ನಾಳೆ ನಾನೂ ಬರ್ತೀನಿ. ಬಾಯಿ ಬಿಡಲ್ಲ. ನೀನೇನ್ ಹೇಳ್ತೀಯೋ ಕೇಳ್ತೀನಿ."

ಮರುದಿನ ಸರ್ವೆಯರ್ ಬರಬೇಕಾದ ಹೊತ್ತಿಗೆ ಬರಲಿಲ್ಲ. ಮಧ್ಯಾಹ್ನ ಬರುತ್ತೇನೆಂದ. ಮಧ್ಯಾಹ್ನ ದಾರಿಯಲ್ಲಿದ್ದೇನೆಂದ. ಅದು ಯಾವ ದಾರಿಯೋ ಎಂದು ಮೇಷ್ಟ್ರು ಹಲ್ಲು ಕಡಿಯುತ್ತ, ಒರೆಸಿದ ಕಾರನ್ನೇ ಮತ್ತೆ ಒರೆಸಿದರು. ಬಿಸಿಲು ಗೋಡೆ ಹತ್ತಿದ ಮೇಲೆ ಆಸಾಮಿ ಬಂದ. ನೆಗಡಿಯಿಂದ ಮೂಗು ಕೆಂಪಾಗಿತ್ತು. ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಫೋನು. ಬಂಪರಿನ ಫೋಟೋ ತೆಗೆದ. ಹತ್ತಿರದಿಂದ ತೆಗೆದ, ದೂರದಿಂದ ತೆಗೆದ, ಕುಕ್ಕರಗಾಲಲ್ಲಿ ಕೂತು ತೆಗೆದ. ಮದುವೆ ಮನೆಯಲ್ಲಿ ಹೆಣ್ಣಿನದೂ ಇಷ್ಟು ಫೋಟೋ ತೆಗೆಯಲಾರರು. ಆಮೇಲೆ ಪಕ್ಕದ ಸೀಟಿನ ಬಾಗಿಲು ತೆಗೆದು ಬಗ್ಗಿ ಪೆಡಲನ್ನು ಕೈಯಿಂದ ಒತ್ತಿದ.

ಕಿರ್ರ್.

ಅವನ ತಲೆ ಡ್ಯಾಶ್‌ಬೋರ್ಡಿಗೆ ಬಡಿಯಿತು. "ಏನ್ ಸಾರ್ ಇದು?"

ಮೇಷ್ಟ್ರು ವಿವರಿಸಿದರು. ಸರ್ವೆಯರ್ ತಲೆ ಉಜ್ಜಿಕೊಳ್ಳುತ್ತ, "ಹಾಗಾದ್ರೆ ಅವತ್ತೂ ಕೂಗಿರ್ಬೇಕು," ಎಂದ.

"ಕೂಗಿರ್ಬೇಕು," ಎಂದರು ಮೇಷ್ಟ್ರು.

ಬೆಂಚಿನ ಮೇಲಿದ್ದ ಅಕ್ಕ ಬಾಯಿ ಬಿಡಲಿಲ್ಲ. ಅವಳು 'ಕೂಗಿರ್ಬೇಕು' ಎಂದು ತಮ್ಮದೇ ದನಿಯಲ್ಲಿ ಅಣಕಿಸಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು.

"ಸರಿ. ಬ್ರೇಕ್ ಯಾಕೆ ಹಾಕಿದ್ರಿ ಅಂತ ಬರೀಬೇಕು. ವ್ಯಾನಿನವನು ಅಡ್ಡ ಯಾರೂ ಬರ್ಲಿಲ್ಲ ಅಂತಾನೆ."

"ಹಾಸಿಗೆ ಹೊತ್ತವನೊಬ್ಬ ಬಂದ."

"ಯಾವ ಕಡೆಯಿಂದ?"

ಮೇಷ್ಟ್ರು ಬಾಯಿ ತೆರೆದರು. ಹಾಸಿಗೆ ಅವರ ಕಣ್ಣ ಮುಂದಿತ್ತು. ಆದರೆ ಅದು ಗಲ್ಲಿಯೊಳಗೆ ಹೋಗುತ್ತಿದ್ದ ಹಾಸಿಗೆ, ಬೆನ್ನು ತೋರಿಸಿದ ಹಾಸಿಗೆ. ಬರುವಾಗ ಅದು ಎಲ್ಲಿತ್ತು?

"ಅಂಗಡಿ ಕಡೆಯಿಂದಾನಾ, ಎದುರು ಕಡೆಯಿಂದಾನಾ ಸಾರ್? ನೀವು ನೋಡಿ ತಾನೇ ಬ್ರೇಕ್ ಹಾಕಿದ್ದು?"

ಅವರು ಅಕ್ಕನ ಕಡೆ ನೋಡಿದರು. ಅವಳಿಗೆ ಗೊತ್ತಿತ್ತು. ಯಾವ ಕಡೆಯಿಂದ, ಎಷ್ಟು ದೂರದಲ್ಲಿ, ಹಾಸಿಗೆಯ ಪಟ್ಟೆ ಯಾವ ಬಣ್ಣ, ಎಲ್ಲ ಗೊತ್ತಿತ್ತು. ಒಂದು ಹುಬ್ಬು ಕುಣಿಸಿದ್ದರೆ ಸಾಕಿತ್ತು. ಅಕ್ಕ ತನ್ನ ಎರಡೂ ಪಾದಗಳನ್ನು ಜೋಡಿಸಿ ನೆಲದ ಮೇಲಿಟ್ಟು ಅವನ್ನೇ ನೋಡುತ್ತಿದ್ದಳು. ಅವಳ ಹೆಬ್ಬೆರಳಿನ ಉಗುರಿನ ಪಕ್ಕ, ಪೆಡಲು ಒತ್ತಿ ಒತ್ತಿ ಚಪ್ಪಲಿ ಉಜ್ಜಿ, ಚರ್ಮ ಗಟ್ಟಿಯಾಗಿತ್ತು; ಕಲಿಯಲು ಬಂದಾಗ ಅದು ಇರಲಿಲ್ಲ.

ಸರ್ವೆಯರ್ ಮೂಗು ಒರೆಸಿಕೊಂಡ. "ನನಗೂ ಇನ್ನೂ ಎರಡು ಕಡೆ ಹೋಗೋದಿದೆ ಸಾರ್. ಯಾವುದೋ ಒಂದು ಕಡೆ ಹೇಳಿ, ಬರ್ಕೊಂಡು ಹೋಗ್ತೀನಿ."

"ನಾನು ನೋಡಿಲ್ಲ," ಎಂದರು ಮೇಷ್ಟ್ರು.

"ಹಾಂ?"

"ಪೆಪ್ಪರ್‌ಮಿಂಟ್ ಕೆಳಗೆ ಬಿದ್ದಿತ್ತು. ಸೀಟಿನ ಕೆಳಗೆ ಬಗ್ಗಿ ಹುಡುಕ್ತಿದ್ದೆ. ತಲೆ ಎತ್ತೋ ಹೊತ್ತಿಗೆ ಕಾರು ನಿಂತಿತ್ತು. ಆಮೇಲೆ ಗುದ್ದಿದ್ದು." ಅವರ ಕಿವಿಗಳು ಬಿಸಿಯಾಗಿದ್ದವು. "ಬ್ರೇಕ್ ಹಾಕಿದ್ದು ಅಕ್ಕ. ಗಂಟೆ ಕೂಗ್ಲಿಲ್ಲ. ಯಾವ ಕಡೆಯಿಂದ ಬಂದ ಅಂತ ಅವಳನ್ನ ಕೇಳಿ."

ಸರ್ವೆಯರ್ ಇಬ್ಬರನ್ನೂ ನೋಡಿದ. ಅವನ ಮುಖದಲ್ಲಿ ಮೆಚ್ಚುಗೆಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಕೊನೆಯ ಬಸ್ಸು ತಪ್ಪಿದವನ ದಣಿವಿತ್ತು. "ಹೇಳಿಕೆ ಬದಲಾಯ್ತು ಅಂದ್ರೆ ಈ ಫೈಲ್ ನಡೆಯಲ್ಲ ಸಾರ್. ಮೊದಲಿಂದ ಹಾಕ್ಬೇಕು. ಮತ್ತೆ ಫೋನ್ ಮಾಡಿ, ಹೊಸ ನಂಬರ್ ತಗೊಳ್ಳಿ. ಕಲಿಯೋರು ಹಾಕಿದ್ದು ಅಂದ್ರೆ ಪೂರ್ತಿ ಸಿಗೋದೂ ಕಷ್ಟ. ಅರ್ಧ ಬಂದ್ರೆ ನಿಮ್ಮ ಪುಣ್ಯ."

"ಮೊದಲಿಂದ," ಎಂದರು ಮೇಷ್ಟ್ರು.

"ಮೊದಲಿಂದ," ಎಂದ ಸರ್ವೆಯರ್, ಮತ್ತು ಸೀನಿದ.

ಅವನು ಹೋದ. ಆಮೇಲೆ ಅಕ್ಕ, ಅವನದೇ ನೆಗಡಿಯ ಮೂಗಿನಿಂದ, "ಅಂಗಡಿ ಕಡೆಯಿಂದ ಸಾರ್. ನೀಲಿ ಪಟ್ಟೆ," ಎಂದಳು. ಮೇಷ್ಟ್ರಿಗೆ ನಗು ಬಂತು. ಆದರೆ ನಗಲು ಹೊರಟವರು ಬಂಪರಿನ ಕಡೆ ನೋಡಿ ನಿಂತರು.

"ಹೋಗಿ ಭಾವಂಗೆ ಹೇಳ್ತೀಯಾ?" ಎಂದರು.

"ನಾನು ಆಗಲೇ ಹೇಳಿದೀನಿ. ಇನ್ನು ಹೇಳ್ಬೇಕಾದವನು ನೀನು."

ದೀಪವನ್ನು ಮೇಷ್ಟ್ರು ತಮ್ಮ ಕೈಯಿಂದಲೇ ದುಡ್ಡು ಕೊಟ್ಟು ಹಾಕಿಸಿದರು. ಬಂಪರನ್ನು ಹಾಗೇ ಬಿಟ್ಟರು. ಅದರ ಪಾಡು ಇನ್ನೂ 'ಪರಿಶೀಲನೆಯಲ್ಲಿ' ಇತ್ತು. ಭಾವನಿಗೆ ಕಣ್ಣಿನ ಆಸ್ಪತ್ರೆಯ ಸರದಿ ಬಂದ ಬೆಳಿಗ್ಗೆ, ಅಕ್ಕನ ಮನೆಯ ಮುಂದೆ ಸ್ಕೂಲಿನ ಕಾರು ಕೆನ್ನೆ ಒಳಸೇರಿದ ಬಂಪರು ಹೊತ್ತು ನಿಂತಿತು. ಭಾವ ಕಪ್ಪು ಕನ್ನಡಕ ಹಾಕಿ, ಬಾಗಿಲು ತಡವಿಕೊಂಡು, ಕೊಟ್ಟ ಮಾತಿನಂತೆ ಹಿಂದಿನ ಸೀಟಿನಲ್ಲಿ ಕೂತರು. ಕೂತವರು ಎರಡೂ ಕೈಯಲ್ಲಿ ಮುಂದಿನ ಸೀಟಿನ ಬೆನ್ನು ಹಿಡಿದರು.

"ಮೇಷ್ಟ್ರೇ, ಪಕ್ಕದಲ್ಲೇ ಇದೀಯಲ್ಲಪ್ಪ?"

"ಇದೀನಿ ಭಾವ."

ಕಾರು ಹೊರಟಿತು. ಮೇಷ್ಟ್ರ ತೊಡೆಯ ಮೇಲೆ ಫೋನು ಅಂಗಾತ ಮಲಗಿತ್ತು. ಅದರೊಳಗೆ ಪಿಟೀಲು ಅದೇ ನಾಲ್ಕು ಸ್ವರವನ್ನು ಕುಯ್ಯುತ್ತಿತ್ತು. ಮೊದಲ ತಿರುವಿನಲ್ಲೇ ಅವರ ಬಲಪಾದ ಎದ್ದಿತು. ಅವರು ಅದನ್ನು ಇಳಿಸಿದರು. ಮುಂದೆ ಒಂದು ಬಸ್ಸು ಸೂಚನೆ ಕೊಡದೆ ನುಗ್ಗಿದಾಗ ಅದು ಮತ್ತೆ ಎದ್ದಿತು. ಆಗ ಮೇಷ್ಟ್ರು ಚಪ್ಪಲಿ ಕಳಚಿ, ಎರಡೂ ಕಾಲನ್ನು ಸೀಟಿನ ಮೇಲೆ ಎಳೆದುಕೊಂಡು, ಊಟಕ್ಕೆ ಕೂತವರ ಹಾಗೆ ಚಕ್ಕಳಮಕ್ಕಳ ಹಾಕಿ ಕೂತರು. ಅಕ್ಕ ಓರೆಗಣ್ಣಿನಿಂದ ನೋಡಿದಳು.

ಸೋಫಾ ಅಂಗಡಿ ಬಂತು. ಶಾಲೆಯ ಮಕ್ಕಳ ಒಂದು ಸಾಲು ರಸ್ತೆಗೆ ಇಳಿಯಿತು. ಹಿಂದೆ ಭಾವ ಕತ್ತು ವಾಲಿಸಿ, ಕನ್ನಡಕದ ಹಿಂದಿನ ಮಬ್ಬಿನಿಂದ, ಕಿವಿಯೊಂದನ್ನೇ ಮುಂದಿಟ್ಟು ಕಾಯುತ್ತಿದ್ದರು. ಮೇಷ್ಟ್ರು ತಮ್ಮ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಕಾರು ಮೆತ್ತಗೆ ನಿಂತಿತು. ನೆಲದ ಮೇಲಿದ್ದ ಖಾಲಿ ಚಪ್ಪಲಿಗಳೆರಡು ಸ್ವಲ್ಪ ಮುಂದೆ ಜಾರಿ, ಪೆಡಲಿಗೆ ಒಂದು ಬೆರಳಿನಷ್ಟು ಈಚೆಗೇ ನಿಂತವು.