ಆದಿಲಕ್ಷ್ಮಿಯ ಪಾಲಿನ ಮಾತ್ರೆ

ಮೊಮ್ಮಗಳು ಆದಿಲಕ್ಷ್ಮಿ ಕಾಂಪೌಂಡ್ ಗೋಡೆಯ ಮೇಲೆ ಓಡುವುದನ್ನು ಕಂಡು ಅಂಬುಜಮ್ಮನಿಗೆ ಬೈಯಬೇಕೋ ದೃಷ್ಟಿ ತೆಗೆಯಬೇಕೋ ತಿಳಿಯಲಿಲ್ಲ. ಮಗುವಿನ ಕುತ್ತಿಗೆಯಲ್ಲಿ ಗಂಟಾಗಿ, ಬೆಂಗಳೂರಿನ ಆಸ್ಪತ್ರೆಯಲ್ಲಿ ಥೈರಾಯ್ಡ್ ಗ್ರಂಥಿಯನ್ನೇ ತೆಗೆದಿದ್ದರು. ಆಮೇಲೆ ಹುಡುಗಿ ತುತ್ತು ಬಾಯಲ್ಲಿಟ್ಟುಕೊಂಡೇ ತೂಕಡಿಸುತ್ತಿತ್ತು, ಬೇಸಿಗೆಯಲ್ಲೂ ಕಂಬಳಿ ಕೇಳುತ್ತಿತ್ತು. ಈಗ ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಪುಟ್ಟ ಮಾತ್ರೆ. ಅಬ್ಬಬ್ಬಾ, ಕೈಗೇ ಸಿಗುತ್ತಿಲ್ಲ!

ಹೊಸೂರಿನ ಆ ಬೀದಿ ಇದನ್ನು ನೋಡದೆ ಬಿಟ್ಟೀತೇ? ಪಕ್ಕದ ಮನೆಯ ಶ್ಯಾಮಲಮ್ಮ ಕಾಫಿಪುಡಿ ಕೇಳಲು ಬರುವಂತೆ ಲೋಟ ಹಿಡಿದೇ ಬಂದರು.

"ಅಂಬುಜಮ್ಮೋರೆ, ಆ ಮಾತ್ರೆ ಒಂದಷ್ಟು ಕೊಡ್ರೀ. ನಮ್ಮ ಮಗ ಚನ್ನಕೇಶವ ಫ್ಯಾಕ್ಟರಿ ಬಸ್ಸು ಹೋದ್ಮೇಲೇ ಏಳೋದು."

ನೆರೆಹೊರೆಗೆ ಇಲ್ಲ ಎನ್ನುವುದು ಅಂಬುಜಮ್ಮನಿಗೆ ಗೊತ್ತೇ ಇರಲಿಲ್ಲ. ಬೊಗಸೆ ತುಂಬ ಕೊಟ್ಟರು. ಚನ್ನಕೇಶವ ಒಂದು ನುಂಗಿ, ಮಗ್ಗುಲು ಬದಲಿಸಿ, ಇನ್ನೂ ಜೋರಾಗಿ ಗೊರಕೆ ಹೊಡೆದ.

ಸಂಜೆ ಅಂಬುಜಮ್ಮನ ಮಗ ಗೋಪೀನಾಥ ಮೇಷ್ಟ್ರು ಸೀಸೆ ಅಲ್ಲಾಡಿಸಿ ಹೌಹಾರಿದರು.

"ಏನಮ್ಮಾ ಇದು! ಹೊಸೂರಿನ ಔಷಧಿ ಅಂಗಡೀಲಿ ಈಗ ಇದು ಖಾಲಿಯಾಗಿದೆ. ಗ್ರಂಥಿ ಮಾಡೋ ಕೆಲಸಾನ ಈಗ ಈ ಮಾತ್ರೇನೇ ಮಾಡ್ಬೇಕು. ನಿಂತ್ರೆ ಮಗು ಮತ್ತೆ ಮೂಲೆ ಸೇರುತ್ತೆ. ಬೇರೆಯವ್ರು ನುಂಗಿದ್ರೆ ಎದೆ ಡವಡವ ಹೊಡ್ಕೊಳುತ್ತೆ, ಅಷ್ಟೇ!"

ಅಂಬುಜಮ್ಮನ ಜೀವ ಬಾಯಿಗೆ ಬಂತು. ಕೈಯಾರೆ ಮಗುವಿನ ಪಾಲನ್ನು ಬೀದಿಗೆ ಹಂಚಿದೆನಲ್ಲಾ ಎಂದು ಅತ್ತೇಬಿಟ್ಟರು.

ಬೆಳಗಾಗುವಷ್ಟರಲ್ಲಿ ಶ್ಯಾಮಲಮ್ಮ ಮತ್ತೆ ಹಾಜರು, ಹಿಂದೆ ಇನ್ನಿಬ್ಬರು. "ಇನ್ನೊಂದಿಷ್ಟು ಕೊಡ್ರೀ, ಇವರ ಮನೇಲೂ ಸೋಮಾರಿಗಳವ್ರೆ!"

'ಅದಕ್ಕೇನಂತೆ' ಎನ್ನಲು ಹೊರಟ ನಾಲಿಗೆಯನ್ನು ಅಂಬುಜಮ್ಮ ಕಚ್ಚಿ ಹಿಡಿದರು.

"ಇಲ್ಲ!"

ಬೀದಿಯೇ ತಿರುಗಿ ನೋಡಿತು. ಅಂಬುಜಮ್ಮ ತಾವೇ ಬೆಚ್ಚಿದರು, ಆಮೇಲೆ ರುಚಿ ಹತ್ತಿತು. "ಇಲ್ಲಾ ಕಣ್ರೀ, ಇಲ್ಲ! ಸಕ್ಕರೆ ತಗೊಂಡೋಗಿ, ಬೇಕಾದ್ರೆ ಒರಳುಕಲ್ಲೇ ಹೊತ್ಕೊಂಡೋಗಿ. ಇದು ನಮ್ಮ ಮಗು ಜೀವ. ಇದಿಲ್ದಿದ್ರೆ ಅವಳು ಏಳಲ್ಲ! ನಿಮ್ಮ ಚನ್ನಕೇಶವನ ಮುಖಕ್ಕೆ ಒಂದು ಚೊಂಬು ತಣ್ಣೀರು ಸುರೀರಿ!"

ಶ್ಯಾಮಲಮ್ಮ ಪೆಚ್ಚಾಗಿ ನಿಂತರು. "ಅಯ್ಯೋ ಶಿವನೇ, ಶಕ್ತಿ ಮಾತ್ರೆ ಅಂದ್ಕೊಂಡಿದ್ನಲ್ಲಾ!" ಎಂದು ಸೆರಗಿನ ಗಂಟು ಬಿಚ್ಚಿ, ಉಳಿದ ಮಾತ್ರೆಗಳನ್ನೆಲ್ಲ ಅಂಬುಜಮ್ಮ ತಂದು ಹಿಡಿದ ಸೀಸೆಗೆ ಸುರಿದರು. ಅಂಬುಜಮ್ಮ ಅವರನ್ನು ತಬ್ಬಿಕೊಂಡು ಅಳುತ್ತ, ನಗುತ್ತ ನಿಂತರು.

ಅಷ್ಟರಲ್ಲಿ ಆದಿಲಕ್ಷ್ಮಿ ಎದ್ದು ಬಂದಳು. ಅಂಬುಜಮ್ಮ ಸೀಸೆಯಿಂದ ಒಂದು ಮಾತ್ರೆ ತೆಗೆದು ಅಂಗೈ ಚಾಚಿದರು. ಅಜ್ಜಿಯ ಅಂಗೈಯಿಂದ ಮಾತ್ರೆ ಎತ್ತಿ ಬಾಯಿಗೆ ಹಾಕಿ, ನೀರು ಕುಡಿದು, "ಬತ್ತೀನಜ್ಜೀ!" ಎಂದು ಮೂವರ ಮಧ್ಯೆ ನುಸುಳಿ ಓಡಿಯೇಬಿಟ್ಟಳು. ಅಂಬುಜಮ್ಮನ ಕೈ ಇನ್ನೂ ಚಾಚಿಕೊಂಡೇ ಇತ್ತು.