ಎದೆಯೊಳಗಿನ ಕೆಂಪು

ಕಲಬುರಗಿಯ ಮೆಡಿಕಲ್ ಕಾಲೇಜಿನಲ್ಲಿ ಸೂಕ್ಷ್ಮಾಣುಜೀವಿ ಶಾಸ್ತ್ರ ಓದುತ್ತಿದ್ದ ಪಂಚಶೀಲಾಳಿಗೆ ಆ ದಿನ ತನ್ನ ವಿದ್ಯೆಯ ಮೇಲೇ ಸಿಟ್ಟು ಬಂದಿತ್ತು. ಕಮಲಾಪುರದಲ್ಲಿ ಬಾಳೆ ಬೆಳೆಯುವ ಸೋದರಮಾವ ದೇವೀಂದ್ರಪ್ಪ ಕೆಮ್ಮಿ ಕೆಮ್ಮಿ ಸೊರಗಿಹೋಗಿದ್ದ. ಕ್ಷಯವೇ ಇರಬೇಕೆಂದು ಅವಳ ಅನುಮಾನ. ಅವನ ಮಗ್ಗುಲಲ್ಲೇ ಪುಟ್ಟ ಮೊಮ್ಮಗಳು ಮಲಗುತ್ತಿದ್ದಳು. ಆದರೆ ಅವನನ್ನು ಕಾಲೇಜಿಗೆ ಕರೆಸಿ, ಅವನು ಕೊಟ್ಟ ಕಫ ಸವರಿದ ಗಾಜಿನಲ್ಲಿ ರೋಗಾಣುವಿನ ಸುಳಿವೇ ಇರಲಿಲ್ಲ.

"ನಾ ಹೇಳಿದ್ದಿಲ್ಲೇನು? ಬರೇ ನೆಗಡಿ. ಬಸ್ಸಿಗಿ ಹೊತ್ತಾತು," ಎಂದು ಮಾವ ಟವೆಲ್ ಹೆಗಲಿಗೇರಿಸಿದ.

ಪಂಚಶೀಲಾ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಅಲ್ಲಿದ್ದದ್ದು ಬಾಯಿಯ ಒಳಚರ್ಮದ ಅಗಲ ಕೋಶಗಳು ಮಾತ್ರ. ಇದು ಎದೆಯ ಕಫವೇ ಅಲ್ಲ, ಬರೀ ಉಗುಳು.

"ಮಾಮಾ, ಖರೇ ಹೇಳು. ಡಬ್ಬಿಯೊಳಗ ಏನ್ ಕೊಟ್ಟಿ?"

ಮಾವ ನಾಚಿ ನೆಲ ನೋಡಿದ. "ಹೊಲಸೆಲ್ಲಾ ಬಚ್ಚಲಿಗಿ ಉಗುಳಿ, ಬಾಯಿ ತೊಳಕೊಂಡು ಸ್ವಚ್ಛಂದು ಕೊಟ್ಟೀನವ್ವ. ಓದಿದ ಸೊಸಿ ಕೈಯಾಗ ಹೊಲಸು ಹ್ಯಾಂಗ ಕೊಡ್ಲಿ?"

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಈ ಮರ್ಯಾದೆಯೇ ಮಾವನನ್ನು ಮುಗಿಸಿಬಿಡುತ್ತಿತ್ತಲ್ಲ. ಅವನನ್ನು ಊರಿಗೆ ಬಿಡದೆ ಉಳಿಸಿಕೊಂಡು, ಮರುದಿನ ಬೆಳಿಗ್ಗೆ ಎದೆಯಾಳದಿಂದ ಕೆಮ್ಮಿಸಿ ಕಫ ತೆಗೆಸಿದಳು. ಗಾಜಿಗೆ ಸವರಿ, ಕೆಂಪು ಬಣ್ಣ ಹಾಕಿ ಕಾಯಿಸಿ, ಆಮ್ಲದಲ್ಲಿ ತೊಳೆದು, ಮೇಲೆ ನೀಲಿ ಹಾಕಿದಳು. ಮಿಕ್ಕವೆಲ್ಲ ಆಮ್ಲಕ್ಕೆ ಕೆಂಪು ಬಿಟ್ಟುಕೊಟ್ಟರೂ ಕ್ಷಯದ ಈ ಹಟಮಾರಿ ರೋಗಾಣು ಬಿಡುವುದಿಲ್ಲ.

ಈ ಸಲ ಕಣ್ಣಿಟ್ಟವಳು ಸೂಕ್ಷ್ಮದರ್ಶಕದ ತಿರುಪನ್ನು ಮೆಲ್ಲಗೆ ತಿರುಗಿಸಿದಳು. ನೀಲಿಯ ನಡುವೆ ತುಸು ಬಾಗಿದ ಕೆಂಪು ಕಡ್ಡಿಗಳು, ಥೇಟ್ ಮಾವನ ತೋಟದ ಕೆಂಪು ಬಾಳೆಹಣ್ಣಿನ ಹಾಗೆ. ಮನುಷ್ಯನನ್ನು ಒಳಗಿಂದ ತಿನ್ನುವಂಥದ್ದು ಇಷ್ಟು ಚೆಂದವಿರಬಹುದೆಂದು ಅವಳು ಎಣಿಸಿರಲಿಲ್ಲ. ಹೆದರಿಕೆಯೂ ಬೆರಗೂ ಒಟ್ಟಿಗೇ ಬಂದವು. ಮಾವನಿಗೂ ತೋರಿಸಿದಳು.

ಅವನು ಬಹಳ ಹೊತ್ತು ನೋಡಿದ. "ಇಷ್ಟ್ ಸಣ್ಣವು ನನ್ನಂಥಾ ಆಳಿಗಿ ಕೆಡವ್ಯಾವ?" ಆಮೇಲೆ ದನಿ ಇಳಿಸಿದ. "ಕೂಸಿಗೂ ಹತ್ಯಾವೇನು?"

"ಅಕಿಗೂ ತಪಾಸ ಮಾಡ್ಸೋಣು. ನೀ ಗುಳಿಗಿ ತಪ್ಪಿಸಬ್ಯಾಡ."

ಕೂಸಿಗೆ ಏನೂ ತಗುಲಿರಲಿಲ್ಲ. ಆದರೂ ಮಾವ ಅಂದಿನಿಂದ ಹೊರಗಿನ ಕಟ್ಟೆಯ ಮೇಲೆ ಮಲಗಿದ. ಅದು ಅಳುತ್ತ ಕೈಚಾಚಿದರೂ ಎತ್ತಿಕೊಳ್ಳಲಿಲ್ಲ.

ಎರಡು ತಿಂಗಳು ಗುಳಿಗೆ ನುಂಗಿ ಮತ್ತೆ ಬಂದ. ಪಂಚಶೀಲಾ ಗಾಜಿನ ಮೂಲೆ ಮೂಲೆ ಹುಡುಕಿದಳು. ಈ ಸಲದ್ದು ಎದೆಯ ಕಫವೇ, ಆದರೆ ಕೆಂಪು ಎಲ್ಲೂ ಇಲ್ಲ, ಬರೀ ನೀಲಿ. ಏನೂ ಇಲ್ಲದ್ದನ್ನು ನೋಡಿ ಅವಳ ಕಣ್ಣು ತುಂಬಿಬಂತು.

"ಏನೂ ಇಲ್ಲ ಮಾಮಾ."

ಮಾವ ಎದ್ದು ಬಂದು ಅವಳ ಹಿಂದೆ ನಿಂತ. "ಇನ್ನೊಮ್ಮಿ ನೋಡವ್ವ. ಈ ಸಲ ಖರೇನೇ ಹೊಲಸು ಕೊಟ್ಟೀನಿ. ಮನಿಗಿ ಹೋಗಿ ಕೂಸಿಗಿ ಎತ್ಕೋಬೇಕು."