ಬೆವರಿಲ್ಲದ ಮುಖ

ಟಿವಿ ಕಚೇರಿಯಲ್ಲಿ ಅವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಕ್ಯಾಮೆರಾ ಮುಂದೆ ಹೋಗುವವರು ಯಾರೇ ಆಗಲಿ, ಮಂತ್ರಿಯೋ ನಟನೋ ಹವಾಮಾನ ಹೇಳುವ ಹುಡುಗಿಯೋ, ಮೊದಲು ಅವಳ ಕುರ್ಚಿಯಲ್ಲಿ ಕೂತು ಮುಖ ಒಪ್ಪಿಸಬೇಕು. ಎಂಥ ದೊಡ್ಡ ಮನುಷ್ಯನಾದರೂ ಗದ್ದ ಎತ್ತಿ ಎಂದರೆ ಎತ್ತುತ್ತಾನೆ, ಕಣ್ಣು ಮುಚ್ಚಿ ಎಂದರೆ ಮುಚ್ಚುತ್ತಾನೆ. ಈ ಒಂದು ಸುಖ ಬಿಟ್ಟರೆ ಆ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಕೋಣೆಗೆ ಕಿಟಕಿಯಿಲ್ಲ. ಕನ್ನಡಿಯ ಸುತ್ತ ಉರಿಯುವ ಬಲ್ಬುಗಳ ಝಳಕ್ಕೆ ಮಧ್ಯಾಹ್ನದ ಹೊತ್ತಿಗೆ ತಲೆನೋವು ಗ್ಯಾರಂಟಿ.

ಅಂದು ಬೆಳಿಗ್ಗೆಯಿಂದ ಅವಳಿಗೆ ಯಾರ ಮುಖವನ್ನೂ ನೋಡುವ ಮನಸ್ಸಿರಲಿಲ್ಲ. ವಿಚಾರಣಾ ಆಯೋಗದ ವರದಿ ಹೊರಬಿದ್ದಿತ್ತು. ಮಹಾಮಾರಿ ಬಂದಾಗ ಜನರಿಗೆ ಸಕಾಲದಲ್ಲಿ ಎಚ್ಚರಿಕೆ ಕೊಡದೆ ಹೋದದ್ದು ಯಾರು ಎಂದು ಪತ್ತೆ ಹಚ್ಚಲು ಕೂತ ಆಯೋಗ, ಇಷ್ಟು ಕಾಲ ಕೂತೂ ಕೂತೂ, ‘ವ್ಯವಸ್ಥೆಯ ಸಾಮೂಹಿಕ ಲೋಪ’ ಎಂದು ಬರೆದು ಮೈಮುರಿದು ಎದ್ದಿತ್ತು. ಯಾವ ಅಧಿಕಾರಿಯ ಮೇಲೂ ಕ್ರಮ ಇಲ್ಲ. ಒಂದು ಮೆಮೋ ಕೂಡ ಇಲ್ಲ.

ಅವಳ ಅಕ್ಕನ ಮಗಳು ಅದನ್ನು ಓದಿ ಫೋನನ್ನು ಹಾಸಿಗೆಯ ಮೇಲೆ ಎಸೆದಿದ್ದಳು. ಆ ಮಹಾಮಾರಿಯಲ್ಲಿ ತಾಯಿ ಸತ್ತ ಮೇಲೆ ಹುಡುಗಿ ಬಣ್ಣದಕ್ಕನ ಜೊತೆಗೇ ಇದ್ದಳು. ಕಾಲೇಜು ತಪ್ಪಿಸಿಕೊಂಡು ಆಯೋಗದ ಸಭಾಂಗಣಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬರುತ್ತಿದ್ದಳು.

“ಎಲ್ಲರ ತಪ್ಪಂತೆ ಚಿಕ್ಕಮ್ಮ. ಅಂದ್ರೆ ನಮ್ಮಮ್ಮನ್ನೂ ಸೇರಿಸಿದಾರೆ ಅನ್ಸುತ್ತೆ.”

ಬಣ್ಣದಕ್ಕ ಆ ಫೋನನ್ನು ಎತ್ತಿ ಮೇಜಿನ ಮೇಲಿಟ್ಟು ಹೊರಟಿದ್ದಳು. ಕಚೇರಿಗೆ ಬಂದರೆ ಅಲ್ಲಿ ಇನ್ನೊಂದು ಕಾದಿತ್ತು. ಪ್ರೊಡ್ಯೂಸರ್ ಬಾಗಿಲಲ್ಲೇ ಎದುರಾಗಿ, “ಅಕ್ಕಾ, ಇವತ್ತು, ನಾಳೆ ಎರಡು ದಿನ ವಿಶೇಷ ಸಂದರ್ಶನ. ನಿಮ್ಮ ಹಳೇ ಗಿರಾಕಿ ಬರ್ತಿದಾರೆ, ಸಂಜೆ ಡಾಕ್ಟ್ರು” ಎಂದು ಕಣ್ಣು ಮಿಟುಕಿಸಿದ.

ಸಂಜೆ ಡಾಕ್ಟ್ರು ಎಂದರೆ ಆಗಿನ ಆರೋಗ್ಯ ಇಲಾಖೆಯ ಮುಖ್ಯಸ್ಥರು. ರೋಗ ಊರಿಗೆ ಕಾಲಿಟ್ಟ ಕಾಲದಲ್ಲಿ ದಿನಾ ಸಂಜೆ ಟಿವಿಯಲ್ಲಿ ಕೂತು ಜನರಿಗೆ ಧೈರ್ಯ ಹೇಳುತ್ತಿದ್ದದ್ದರಿಂದ ಜನವೇ ಇಟ್ಟ ಹೆಸರು ಅದು. ಈಗ ಅವರ ಹೆಸರು ಇನ್ನೂ ದೊಡ್ಡ ಕುರ್ಚಿಯೊಂದಕ್ಕೆ ಓಡಾಡುತ್ತಿತ್ತು. ಅದಕ್ಕೇ ಈ ಸಂದರ್ಶನ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಆ ದಿನಗಳಲ್ಲಿ ಅವರ ಮುಖವನ್ನು ಬಣ್ಣದಕ್ಕನಷ್ಟು ಹತ್ತಿರದಿಂದ ನೋಡಿದವರು ಇನ್ನೊಬ್ಬರಿಲ್ಲ. ಕುರ್ಚಿಯಲ್ಲಿ ಕೂತರೆ ಸಾಕು, ನೀರಿಳಿಯುವ ಹಾಗೆ ಬೆವರುತ್ತಿದ್ದರು. ಹಣೆ ಒರೆಸಿ ಪೌಡರ್ ಒತ್ತಿ ಅತ್ತ ತಿರುಗುವಷ್ಟರಲ್ಲಿ ಮತ್ತೆ ಮೇಲ್ತುಟಿಯ ಮೇಲೆ ಹನಿ. “ಇನ್ನೂ ಹಾಕಮ್ಮಾ, ಹೊಳೀಬಾರದು” ಎನ್ನುತ್ತಿದ್ದರು. ಒಂದು ಸಂಜೆ ಅದೇ ಕುರ್ಚಿಯಿಂದ ಮನೆಗೆ ಫೋನ್ ಮಾಡಿದರು. “ಯಾರು ಬಂದ್ರೂ ಬಾಗಿಲು ತೆಗೀಬೇಡಿ. ಮಕ್ಕಳನ್ನ ಗೇಟಿಂದಾಚೆ ಬಿಡಬೇಡಿ. ಕೆಲಸದವಳಿಗೂ ಬರಬೇಡ ಅಂತ ಹೇಳಿ.” ಫೋನ್ ಇಟ್ಟು ಎದ್ದು ಹೋಗಿ ಕ್ಯಾಮೆರಾ ಮುಂದೆ ಕೂತು, ಹೆದರುವಂಥದ್ದೇನೂ ಇಲ್ಲ, ಎಲ್ಲರೂ ಎಂದಿನಂತೆ ಕೆಲಸಕ್ಕೆ ಹೋಗಿ ಎಂದರು.

ಬಣ್ಣದಕ್ಕ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಲ್ಲ. ಕೂಡಲೇ ಅಕ್ಕನಿಗೆ ಫೋನ್ ಹಚ್ಚಿದಳು. ಅಕ್ಕ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದವಳು. ಅಲ್ಲಿ ಹೆಂಗಸರು ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು. “ನಾಲ್ಕು ದಿನ ರಜೆ ಹಾಕಕ್ಕಾ, ಈಯಪ್ಪ ಒಳಗೊಳಗೇ ನಡುಗ್ತಾ ಇದಾನೆ” ಎಂದು ಅಂಗಲಾಚಿದಳು.

ಅಕ್ಕ ನಕ್ಕುಬಿಟ್ಟಳು. “ನಾನೂ ಈಗ್ತಾನೆ ಟಿವಿ ನೋಡ್ದೆ ಕಣೇ. ಆ ಮುಖ ನೋಡು, ಒಂದು ಹನಿ ಬೆವರಿದೆಯಾ? ಭಯ ಇರೋನು ಹಾಗೆ ಕೂರ್ತಾನಾ? ನೀನೊಬ್ಬಳು, ಚಿಕ್ಕಂದಿನಿಂದ್ಲೂ ಹೆದರುಪುಕ್ಕಲಿ.”

ಆ ಬೆವರನ್ನು ಒರೆಸಿದ ಹತ್ತಿ ಆಗಿನ್ನೂ ಬಣ್ಣದಕ್ಕನ ಕಾಲ ಬಳಿಯ ಬುಟ್ಟಿಯಲ್ಲಿ ಒದ್ದೆಯಾಗಿ ಬಿದ್ದಿತ್ತು. ಅಕ್ಕ ಕಾರ್ಖಾನೆಗೆ ಹೋದಳು, ಜ್ವರ ಹಿಡಿದು ಬಂದಳು, ಆಸ್ಪತ್ರೆಯ ಮೆಟ್ಟಿಲ ಮೇಲೆ ಹಾಸಿಗೆಗೆ ಕಾಯುತ್ತ ಕಾಯುತ್ತ ಹೋಗಿಬಿಟ್ಟಳು. ತನ್ನ ಕೈಕೆಲಸ ಇಷ್ಟು ಚೆನ್ನಾಗಿರಬಾರದಿತ್ತು ಎಂದು ಬಣ್ಣದಕ್ಕ ಅಂದಿನಿಂದ ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು.

ಆಯೋಗದ ಮುಂದೆ ಸಂಜೆ ಡಾಕ್ಟ್ರು ಹೇಳಿದ್ದು ಒಂದೇ ಮಾತು: ಆಗ ಅಪಾಯದ ಅಂದಾಜು ನಮಗ್ಯಾರಿಗೂ ಇರಲಿಲ್ಲ. ಅದನ್ನು ಕೇಳಿ ಮೈ ಉರಿದು ಅವಳೂ ಅಲ್ಲಿಗೆ ಹೋಗಿದ್ದಳು. ಗುಮಾಸ್ತ ಅವಳ ಮಾತನ್ನೆಲ್ಲ ಆಕಳಿಸುತ್ತ ಕೇಳಿದ.

“ದಾಖಲೆ ಏನಿದೆ ತಾಯಿ?”

“ಬೆವರು ಒರೆಸಿದ ಹತ್ತಿ ಎತ್ತಿಟ್ಟಿಲ್ಲ ಸ್ವಾಮಿ. ನಾನೇ ಇದೀನಲ್ಲ, ಕಿವಿಯಾರೆ ಕೇಳ್ದೋಳು.”

“ಮನೆಗೆ ಫೋನ್ ಮಾಡೋದು ಖಾಸಗಿ ವಿಷಯ. ಬೆವರೋದೂ ಖಾಸಗಿಯೇ. ಆಯೋಗ ಅದನ್ನೆಲ್ಲ ಕೇಳೋಕಾಗಲ್ಲ.”

ಮತ್ತೆ ಹೋದರೆ ಸಾಹೇಬರು ಊಟಕ್ಕೆ ಹೋಗಿದ್ದರು. ಇನ್ನೊಮ್ಮೆ ಹೋದರೆ ರಜೆಯಲ್ಲಿದ್ದರು. ಕೊನೆಗೆ ಸಾಕ್ಷಿ ಹೇಳುವ ಅವಧಿಯೇ ಮುಗಿದಿತ್ತು.

ಈಗ ಅದೇ ಮನುಷ್ಯ ಬಂದು ಅದೇ ಕುರ್ಚಿಯಲ್ಲಿ ಕೂತರು. ಕೂದಲು ಒಂದಿಷ್ಟು ಉದುರಿತ್ತು, ಹೊಟ್ಟೆ ಒಂದಿಷ್ಟು ಬೆಳೆದಿತ್ತು. “ಚೆನ್ನಾಗಿದೀಯೇನಮ್ಮಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಣ್ಣು ಮುಚ್ಚಿದರು. ಹಣೆಯ ಮೇಲೆ ಆಗಲೇ ಹನಿ ಕೂತಿತ್ತು. ಬಣ್ಣದಕ್ಕ ಪೌಡರ್ ಡಬ್ಬಿಯ ಕಡೆ ಕೈ ಚಾಚಿದವಳು ಹಾಗೇ ನಿಂತಳು. ಆಯೋಗ ನೋಡಲೊಲ್ಲದ್ದನ್ನು ಊರೆಲ್ಲ ನೋಡಲಿ ಎಂದುಕೊಂಡಳು. ಪೌಡರ್ ಇಲ್ಲದ ಖಾಲಿ ಪಫ್ಫನ್ನೇ ಅವರ ಮುಖದ ಮೇಲೆ ಮೆಲ್ಲಗೆ ಒತ್ತಿ ಒತ್ತಿ ತೆಗೆದು, “ಆಯ್ತು ಸರ್” ಎಂದಳು. ಅವರು ಕನ್ನಡಿ ನೋಡದೆ ಎದ್ದರು. ಆ ಅಭ್ಯಾಸ ಅವರಿಗೆ ಮೊದಲೂ ಇರಲಿಲ್ಲ.

ದೀಪಗಳ ಕೆಳಗೆ ಆಟ ಶುರುವಾಯಿತು. ಆಗ ನಿಮಗೆ ಗೊತ್ತಿರಲಿಲ್ಲವೇ ಎಂದು ನಿರೂಪಕ ಕೇಳಿದ. ಗೊತ್ತಿರಲಿಲ್ಲ ಎಂದರು. ಬೆವರು ಹಣೆಯಿಂದ ಇಳಿದು ಕಣ್ಣಿಗೆ ಹೋಯಿತು, ಅವರು ಒರೆಸಿಕೊಂಡರು, ಕಣ್ಣು ಕೆಂಪಾಯಿತು. ಬಣ್ಣದಕ್ಕ ಗೋಡೆಯ ಟಿವಿ ಮುಂದೆ ನಿಂತಿದ್ದಳು. ನೋಡ್ರೋ, ನೋಡ್ರೋ ಎಂದು ಮನಸ್ಸು ಕೂಗುತ್ತಿತ್ತು.

ಊರು ನೋಡಿತು. ನೋಡಿ ಮರುಗಿತು. ಪಾಪ, ಎಷ್ಟು ನೊಂದಿದಾರೆ. ಅಳು ತಡೆದುಕೊಂಡು ಮಾತಾಡಿದರು. ಇಂಥವರನ್ನು ಕೋರ್ಟು ಕಚೇರಿ ಅಂತ ಎಳೆದಾಡಬಾರದು. ಬಂದ ಸಂದೇಶಗಳನ್ನು ಪ್ರೊಡ್ಯೂಸರ್ ಗಟ್ಟಿಯಾಗಿ ಓದುತ್ತ ಮೇಕಪ್ ಕೋಣೆಗೇ ಕುಣಿದುಕೊಂಡು ಬಂದ. ಬಣ್ಣದಕ್ಕನಿಗೆ ತಲೆಯನ್ನು ಆ ಕನ್ನಡಿಗೆ ಚಚ್ಚಿಕೊಳ್ಳೋಣ ಅನ್ನಿಸಿತು.

ಹಿಂದೆಯೇ ಸಂಜೆ ಡಾಕ್ಟ್ರು ಟವೆಲ್ಲಿಗೆ ಬಂದರು. “ಏನು ಮಾಡಿದ್ಯೋ ಏನೋ, ಚೆನ್ನಾಗಿ ಬಂತಮ್ಮಾ. ನಾಳೆನೂ ಹೀಗೇ ಇರಲಿ.”

ಅವಳ ಬಾಯಿ ತಡೆಯಲಿಲ್ಲ. “ಸರ್, ಅವತ್ತು ಇಲ್ಲೇ ಕೂತು ಮನೆಗೆ ಫೋನ್ ಮಾಡಿದ್ರಿ. ಬಾಗಿಲು ತೆಗೀಬೇಡಿ ಅಂದ್ರಿ. ಗೊತ್ತಿರಲಿಲ್ಲ ಅಂತೀರಲ್ಲ?”

ಅವರು ಮುಖ ಒರೆಸುವುದನ್ನು ನಿಲ್ಲಿಸಿದರು. ಬಾಗಿಲ ಕಡೆ ನೋಡಿದರು. ಪ್ರೊಡ್ಯೂಸರ್ ಹೊರಗೆ ಯಾರಿಗೋ ಫೋನಿನಲ್ಲಿ ಬೀಗುತ್ತಿದ್ದ.

“ಮನೆಯವರಿಗೆ ಯಾರು ತಾನೇ ಹೇಳಲ್ಲಮ್ಮಾ?” ಎಂದರು, ಬೇಸರವೂ ಇಲ್ಲದೆ. “ಅದೇ ಮಾತು ಊರಿಗೆಲ್ಲ ಹೇಳಿದ್ರೆ ಗಾಬರಿ ಆಗ್ತಿತ್ತು.”

“ನಮ್ಮಕ್ಕನಿಗೂ ಒಂದು ಮನೆ ಇತ್ತು ಸರ್.”

ಅವರು ಟವೆಲ್ಲನ್ನು ಮಡಿಚಿ ಅವಳ ಕೈಗೆ ಕೊಟ್ಟು ಹೋದರು. ಆಯೋಗ ಇಷ್ಟು ಕಾಲ ಹುಡುಕಿದ ಉತ್ತರವನ್ನು ಅವರು ಎಷ್ಟು ಸಲೀಸಾಗಿ ಕೊಟ್ಟುಬಿಟ್ಟಿದ್ದರು! ಕೇಳಿಸಿಕೊಂಡವಳು ಮತ್ತೆ ಅವಳೊಬ್ಬಳೇ. ಇನ್ನು ಯಾವ ಗುಮಾಸ್ತನ ಮುಂದೆ ಹೋಗಿ ಹೇಳುವುದು?

ಮನೆಗೆ ಬಂದರೆ ಅಕ್ಕನ ಮಗಳು ಟಿವಿ ಆರಿಸಿ, ಮಂಡಿಗೆ ಮುಖ ಆನಿಸಿ ಕೂತಿದ್ದಳು. ಅತ್ತು ಕಣ್ಣು ಊದಿತ್ತು.

“ಒಂದು ನಿಮಿಷ ನನಗೂ ಪಾಪ ಅನ್ನಿಸ್ತು ಚಿಕ್ಕಮ್ಮ. ಅಮ್ಮನ್ನ ಕಳ್ಕೊಂಡಿರೋ ನನಗೇ. ನನಗೆ ನಾಚಿಕೆ ಆಗ್ತಿದೆ.”

ಬಣ್ಣದಕ್ಕ ಅವಳ ತಲೆ ನೇವರಿಸಿದಳು. ಡಾಕ್ಟ್ರು ಅಂದದ್ದನ್ನು ಹೇಳಿದಳು. ಇಬ್ಬರೂ ಊಟ ಮಾಡಿದ ಹಾಗೆ ಮಾಡಿ ಎದ್ದರು.

ಮರುದಿನ ಸಂಜೆ ಡಾಕ್ಟ್ರು ಬಂದು ಕಣ್ಣು ಮುಚ್ಚಿದರು. “ನಿನ್ನೆ ಥರಾನೇ” ಎಂದು ನೆನಪಿಸಿದರು. ಬಣ್ಣದಕ್ಕ ಹೂಂ ಎಂದಳು. ಹಣೆ ಒರೆಸಿದಳು, ಕಾದಳು, ಮತ್ತೆ ಒರೆಸಿದಳು. ಆ ಕಾಲದಲ್ಲಿ ಹಚ್ಚುತ್ತಿದ್ದ ಬಣ್ಣವನ್ನೇ ಹುಡುಕಿ ತೆಗೆದು, ಕತ್ತಿನವರೆಗೂ ಎಳೆದು, ಮೇಲ್ತುಟಿಗೆ ಎರಡು ಸಲ ಪೌಡರ್ ಒತ್ತಿದಳು. ಉಳಿದ ಕೂದಲನ್ನು ಆಗಿನ ಹಾಗೆಯೇ ಹಿಂದಕ್ಕೆ ಬಾಚಿದಳು. ಅವಳು ಇಷ್ಟು ಶ್ರದ್ಧೆಯಿಂದ ಕೆಲಸ ಮಾಡಿ ಬಹಳ ಕಾಲವಾಗಿತ್ತು.

ತೆರೆಯ ಮೇಲೆ ಆ ಹಳೆಯ ಮುಖ ಮೂಡಿತು. ನುಣುಪಾಗಿ, ಒಣಗಿ, ನೆಮ್ಮದಿಯಾಗಿ. ಹೆದರುವಂಥದ್ದೇನೂ ಇಲ್ಲ ಎಂದು ಊರಿಗೆಲ್ಲ ಹೇಳಿದ ಮುಖ. ಅದು ಈಗ ಸತ್ತವರಿಗಾಗಿ ತನಗೆಷ್ಟು ದುಃಖವಿದೆ ಎಂದು ಹೇಳುತ್ತಿತ್ತು.

ಅರ್ಧ ಮುಗಿಯುವ ಮುಂಚೆಯೇ ಪ್ರೊಡ್ಯೂಸರ್ ಓಡಿ ಬಂದ. “ಏನಕ್ಕಾ ಇದು? ಜನ ಫೋನ್ ಮಾಡಿ ಉಗೀತಾ ಇದಾರೆ. ಅವತ್ತೂ ಹೀಗೇ ಕೂತು ಸುಳ್ಳು ಹೇಳಿದ್ದ ಅಂತಾರೆ!”

“ನನ್ನ ಕೆಲಸ ನಾನು ಮಾಡಿದೀನಪ್ಪ” ಎಂದಳು ಬಣ್ಣದಕ್ಕ. ಇದರಿಂದ ವರದಿಯ ಒಂದು ಅಕ್ಷರವೂ ಅಳಿಸುವುದಿಲ್ಲ, ಆ ದೊಡ್ಡ ಕುರ್ಚಿಯೂ ಬಹುಶಃ ಅವರಿಗೇ ಸಿಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಾಳೆಯಿಂದ ತನಗೆ ಈ ಕೋಣೆ ಇರುತ್ತದೋ ಇಲ್ಲವೋ ಅದು ಗೊತ್ತಿರಲಿಲ್ಲ. ಪಫ್ಫನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಿದ್ದಾಗ ಅವಳ ಫೋನ್ ಸದ್ದು ಮಾಡಿತು. ಒದ್ದೆ ಕೈಯಲ್ಲೇ ಎತ್ತಿಕೊಂಡಳು. ಆ ಕಡೆ ಅಕ್ಕನ ಮಗಳಿದ್ದಳು.

“ಇವತ್ತು ಪಾಪ ಅನ್ನಿಸ್ಲಿಲ್ಲ, ಚಿಕ್ಕಮ್ಮ.”